ಬಿಟ್ಟ ಬಸವನಿಗೆ ಮೂಗುದಾರ

ಕಾಳಮ್ಮನಕೊಪ್ಪಲು
ಭಾರತೀನಗರ ಅಂಚೆ, ಮದ್ದೂರು ತಾಲ್ಲೂಕು
೧೯ ಮೇ ೨೦೨೫

ಶಿವರಾಜು,

ಆಶೀರ್ವಾದ ಪತ್ರದ ಕೊನೆಯಲ್ಲಿದೆ. ಮೊದಲು ಬೈಗುಳ ಓದಿಕೋ.

ಗಡಿಯಲ್ಲಿ ಗುಂಡಿನ ಸದ್ದು ನಿಂತು ಒಂಬತ್ತು ದಿನವಾಯಿತು. ಅಷ್ಟರಲ್ಲಿ ನೀನು ಮನೆಗೆ ಮಾತಾಡಿದ್ದು ಒಂದೇ ಸಲ, ಅದೂ ಬೇರೆ ಯಾರದೋ ಫೋನಿನಿಂದ. 'ಅವ್ವ, ಬದುಕಿವ್ನಿ. ಸಾಹೇಬ್ರು ಉಳ್ಸುದ್ರು' ಎಂದೆ, ಅಷ್ಟಕ್ಕೇ ಕಟ್ಟಾಯಿತು. ಯಾವ ಸಾಹೇಬರು? ಯಾವುದರಿಂದ ಉಳಿಸಿದರು? ನಿನ್ನ ಫೋನು ಏನಾಯಿತು? ಹೆಂಡತಿಯ ಜೊತೆ ಎರಡು ಮಾತಾಡಬೇಕೆಂದು ನಿನಗೆ ಯಾಕೆ ತೋಚಲಿಲ್ಲ? ನಾಗಶ್ರೀ ಆ ಒಂದು ಮಾತನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಾ ಮೂರು ದಿನ ಅನ್ನ ಮುಟ್ಟಲಿಲ್ಲ.

ನಾನು ಹೆದರುವವಳಲ್ಲ. ಗುಂಡು ಹಾರಿದ ದಿನಗಳಲ್ಲೂ ಡೈರಿಯ ಬಾಗಿಲನ್ನು ಹೊತ್ತಿಗೆ ಸರಿಯಾಗಿ ತೆಗೆದಿದ್ದೇನೆ. 'ಅಕ್ಕ, ಸಿವು ಫೋನ್ ಮಾಡ್ದನಾ?' ಎಂದು ಹಾಲು ತಂದ ಹೆಂಗಸರು ಕೇಳಿದರು. 'ಅವ್ನು ಕೆಲ್ಸದ್ ಮೇಲವ್ನೆ, ನೀ ಹಾಲು ಉಯ್ಯಿ' ಎಂದೆ. ಆದರೆ ನೀರು ಬೆರೆತಿದೆಯೇ ಎಂದು ಡಿಗ್ರಿ ಕಡ್ಡಿಯನ್ನು ಹಾಲಿಗೆ ಬಿಟ್ಟು ಓದುವಾಗ ಎರಡು ಸಲ ಕಣ್ಣು ಮಂಜಾಯಿತು. ಇಪ್ಪತ್ತೆರಡು ವರ್ಷದಲ್ಲಿ ಹಾಗಾಗಿರಲಿಲ್ಲ.

ನಿನ್ನ ಗೆಳೆಯ ನಯಾಜ್ ಭಾರತೀನಗರದಿಂದ ಬಂದು ಪಂಪು ಸರಿಮಾಡಿ ಹೋದ. ನಿನ್ನ ಸುದ್ದಿ ಹೇಳುವವರೆಗೂ ಕಾಫಿ ಮುಟ್ಟಲಿಲ್ಲ. 'ಅವ್ವ, ಆ ನನ್ಮಗ ರಜಕ್ ಬರ್ಲಿ, ಗ್ಯಾರೇಜ್ನಲ್ಲಿ ಒಂದ್ ವಾರ ಕಟ್ಟಾಕ್ತೀನಿ' ಎಂದ. ನಿನ್ನ ಮಗಳು ಶೋಭಿತಾ ಎರಡನೇ ತರಗತಿಗೆ ಹೊಸ ಚೀಲ ಬೇಕೆಂದು ಹಟ ಹಿಡಿದಿದ್ದಾಳೆ.

ಬಂದೂಕಿನ ಕೋಣೆಯ ಬೀಗದ ಕೈ ನಿನ್ನ ವಶಕ್ಕೆ ಕೊಟ್ಟರೆಂದು ನೀನು ಸಂಕ್ರಾಂತಿಯಲ್ಲಿ ಹೇಳಿದ್ದೆ. ಊರಿಗೆಲ್ಲ ನಾನೇ ಹೇಳಿದೆ. ಬೀಗದ ಕೈ ಹಿಡಿದವನಿಗೆ ನಿದ್ದೆ ಕಮ್ಮಿ ಇರಬೇಕು, ಬಾಯಿ ಇನ್ನೂ ಕಮ್ಮಿ ಇರಬೇಕು. ಆದರೆ ತಾಯಿಗೆ ಬರೆಯಬೇಕು. ಫೋನಿನಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ. ಕಾಗದದ ಮೇಲೆ ಬರೆದದ್ದಕ್ಕೆ ಬರೆದವನೇ ಹೊಣೆ. ಇದನ್ನು ನಿನಗೆ ಐದನೇ ತರಗತಿಯಲ್ಲೇ ಕಲಿಸಿದ್ದೇನೆ.

ನೂರು ವರ್ಷ ಬಾಳು.

ಪಟ್ಟಲಮ್ಮ ಹೊನ್ನಯ್ಯ
ಕಾರ್ಯದರ್ಶಿ, ಮಹಿಳಾ ಹಾಲು ಉತ್ಪಾದಕರ ಸಂಘ


ಠಾಣೆಯಿಂದ
೮ ಜೂನ್ ೨೦೨೫

ಅವ್ವ,

ನಿನ್ನ ಬೈಗುಳ ತಲುಪಿತು. ಎರಡು ಸಲ ಓದಿದೆ.

ಅವತ್ತು ಸಂಜೆ ನಾವು ಆರು ಜನ ಬಂಕರಿನಲ್ಲಿದ್ದೆವು. ನಮ್ಮ ಸುಬೇದಾರ್ ಸಾಹೇಬರು ಬಂದು, 'ಹೊರಗೆ ಬನ್ನಿ, ಪ್ರಾರ್ಥನೆಯ ಹೊತ್ತು' ಎಂದರು. ಶೆಲ್ಲು ಬೀಳುತ್ತಿರುವಾಗ ಹೊರಗೆ ಬಾ ಎನ್ನುವವರು ಉಂಟೇ? ಆದರೂ ಐದು ಜನ ಎದ್ದು ಹೋದೆವು. ಒಬ್ಬ ಮಾತ್ರ ನಗುತ್ತಾ ಒಳಗೇ ಕೂತ. ನಾವು ಬಂಡೆಯ ಹಿಂದೆ ಕಣ್ಣು ಮುಚ್ಚಿಕೊಂಡಿದ್ದಾಗ ಶೆಲ್ಲು ಬಂಕರಿನ ಮೇಲೇ ಬಿತ್ತು. ನಕ್ಕವನನ್ನು ಹೊರಗೆ ತೆಗೆದವನು ನಾನು. ಕೈಗೆ ಏನು ಸಿಕ್ಕಿತೆಂದು ಬರೆಯುವುದಿಲ್ಲ.

ಆಮೇಲೆ ನನಗೆ ನಿದ್ದೆ ಬರುತ್ತಿರಲಿಲ್ಲ. ಸಾಹೇಬರು ಪಕ್ಕದಲ್ಲಿ ಕೂತು ಜಪ ಹೇಳಿಕೊಟ್ಟರು, ಬಂತು. ಈಗ ನಾವು ನಲವತ್ತು ಜನ ದಿನವೂ ಅವರ ಬಳಿ ಸೇರುತ್ತೇವೆ. ಕುಡಿತ ಬಿಟ್ಟೆ ಅವ್ವ. ಬಾಡು ಬಿಟ್ಟೆ. ಫೋನು ಮನಸ್ಸನ್ನು ಕಲಕುತ್ತದೆಂದು ಸಾಹೇಬರ ಪೆಟ್ಟಿಗೆಗೆ ಹಾಕಿದ್ದೇವೆ. ಅಪ್ಪನ ಕುಡಿತಕ್ಕೆ ನೀನು ಅತ್ತದ್ದು ನೆನಪಿದೆ. ನಿನಗೆ ಸಂತೋಷವಾಗುತ್ತದೆ ಎಂದು ಬರೆದೆ.

ಒಂದು ಕೆಲಸ ಮಾಡಿಕೊಡು. ಬಳಗಕ್ಕೆ ಪೂರ್ತಿ ಸೇರುವವನು ತಾಯಿಯಿಂದ ಕಾಗದ ತರಿಸಬೇಕು. ಮಗನನ್ನು ಧರ್ಮಕ್ಕೆ ಒಪ್ಪಿಸಿದ್ದೇನೆ, ನನಗೆ ಅವನ ಮೇಲೆ ಹಕ್ಕಿಲ್ಲ ಎಂದು ಅವಳ ಕೈಯಾರೆ ಬರೆದಿರಬೇಕು. ನಿನ್ನಷ್ಟು ಚೆನ್ನಾಗಿ ಬರೆಯುವ ತಾಯಿ ಇಲ್ಲಿ ಯಾರಿಗೂ ಇಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ.

ನಿನ್ನ ಮಗ,
ಶಿವರಾಜು


ಕಾಳಮ್ಮನಕೊಪ್ಪಲು
೨೪ ಜೂನ್ ೨೦೨೫

ಚಿರಂಜೀವಿ ಶಿವರಾಜುವಿಗೆ,

ಈ ಸಲ ಆಶೀರ್ವಾದವೇ ಮೊದಲು.

ಕುಡಿತ ಬಿಟ್ಟೆ ಎಂಬ ಸಾಲನ್ನು ನಿನ್ನ ಅಪ್ಪನ ಪಟದ ಮುಂದೆ ನಿಂತು ಓದಿದೆ. ಅವರಿಗೆ ಆಗದ್ದು ನಿನ್ನಿಂದ ಆಯಿತು. ನಿನ್ನ ಸಾಹೇಬರು ಯಾವ ಸೀಮೆಯವರೋ, ಅವರಿಗೆ ನನ್ನ ನಮಸ್ಕಾರ ಹೇಳು.

ಕಾಗದ ಬರೆದಿದ್ದೇನೆ. ಕಳಿಸುವ ಮುಂಚೆ ಡೈರಿಯಲ್ಲಿ ಗಟ್ಟಿಯಾಗಿ ಓದಿದೆ. ಹೆಂಗಸರೆಲ್ಲ ಕ್ಯಾನು ಕೆಳಗಿಟ್ಟು ಕೇಳಿದರು. ಅದು ಹೀಗಿದೆ:

'ಕಾಳಮ್ಮನಕೊಪ್ಪಲಿನ ಹೊನ್ನಯ್ಯನವರ ಹೆಂಡತಿ ಪಟ್ಟಲಮ್ಮನಾದ ನಾನು ನನ್ನ ಒಬ್ಬನೇ ಮಗನನ್ನು ಬಸವನನ್ನು ಬಿಡುವಂತೆ ಬಿಟ್ಟಿದ್ದೇನೆ. ಇನ್ನು ಅವನಿಗೆ ಮನೆಯ ನೊಗವಿಲ್ಲ, ಹಗ್ಗವಿಲ್ಲ. ಅವನು ಯಾವ ಹೊಲಕ್ಕೆ ನುಗ್ಗಿದರೂ ನಾನು ಕೋಲೆತ್ತುವುದಿಲ್ಲ. ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯುವ ವಂಶ ನಮ್ಮದಲ್ಲ.'

ನಿನ್ನ ಸಾಹೇಬರು ಹೊರಗಿನವರು, ಬಿಡಿಸಿ ಹೇಳು. ನಮ್ಮ ಕಡೆ ಹರಕೆ ಹೊತ್ತವರು ಒಳ್ಳೆಯ ಹೋರಿಗರುವಿಗೆ ಮುದ್ರೆ ಹಾಕಿಸಿ ದೇವರ ಹೆಸರಿನಲ್ಲಿ ಬಿಡುತ್ತಾರೆ. ಅದನ್ನು ಯಾರೂ ಕಟ್ಟುವುದಿಲ್ಲ, ಹೊಡೆಯುವುದಿಲ್ಲ, ಉಳುವುದಿಲ್ಲ. ಯಾರ ಬೆಳೆ ಮೇಯ್ದರೂ ಕೈಮುಗಿಯುತ್ತಾರೆ. ಮನೆಯವರೇ ಆದರೂ ಮತ್ತೆ ಕೊಟ್ಟಿಗೆಗೆ ಕರೆಯುವ ಹಾಗಿಲ್ಲ. ಇದಕ್ಕಿಂತ ದೊಡ್ಡ ಮಾತು ನನಗೆ ಗೊತ್ತಿಲ್ಲ.

ಮನೆಯಲ್ಲಿ ಓದಿದಾಗ ನಾಗಶ್ರೀ ಮಾತ್ರ ಒಲೆಯ ಮುಂದಿನಿಂದ ಏಳಲಿಲ್ಲ. 'ಅತ್ತೆ, ನೊಗ ಅಂದ್ರೆ ನಾನೂ ಮಗೀನೂನಾ?' ಎಂದಳು. 'ಹೆಣ್ಣು ಇಷ್ಟ್ ಅಳ್ಳೆದೆಯಾದ್ರೆ ಗಂಡು ಗಡೀಲಿ ನಿಂತ್ಕಳದು ಎಂಗಮ್ಮಿ?' ಎಂದು ಬಾಯಿ ಮುಚ್ಚಿಸಿದೆ.

ಪಟ್ಟಲಮ್ಮ ಹೊನ್ನಯ್ಯ
ಕಾರ್ಯದರ್ಶಿ


ಠಾಣೆಯಿಂದ
೨೦ ಜುಲೈ ೨೦೨೫

ಅವ್ವ,

ನಿನ್ನ ಕಾಗದವನ್ನು ಸಾಹೇಬರು ಹಿಂದಿಗೆ ಮಾಡಿಸಿ ಎಲ್ಲರ ಮುಂದೆ ಓದಿದರು. ಕೆಲವರು ಅತ್ತರು. ಅದರ ಪ್ರತಿ ಮಾಡಿ ಇನ್ನೂ ಒಪ್ಪದ ತಾಯಂದಿರಿಗೆಲ್ಲ ಕಳಿಸಿದ್ದಾರೆ. ನಮ್ಮ ಕಡೆಯ ಒಬ್ಬ ಹುಡುಗನ ತಾಯಿಗೆ ಕನ್ನಡದ್ದನ್ನೇ ಫೋನಿನಲ್ಲಿ ಓದಿ ಹೇಳಿದರು. ಎರಡು ತಿಂಗಳು ಒಪ್ಪದಿದ್ದವಳು ಮಾರನೆಯ ದಿನವೇ ಒಪ್ಪಿದಳು. ಬಳಗದಲ್ಲಿ ಈಗ ನನ್ನನ್ನು ಬಸವ ಎಂದೇ ಕರೆಯುತ್ತಾರೆ.

ನಿನಗೆ ಹೇಳಬಹುದೆಂದು ಅಪ್ಪಣೆಯಾಗಿದೆ. ಯುಗ ಮುಗಿಯಿತು ಅವ್ವ. ಲಕ್ಷಾಂತರ ವರ್ಷ ಉಳಿದಿದೆ ಎನ್ನುವುದು ಸುಳ್ಳು. ಈ ವರ್ಷದ ಪಿತೃಪಕ್ಷವನ್ನು ಪಂಚಾಂಗದಲ್ಲಿ ನೋಡು. ಸೆಪ್ಟೆಂಬರ್ ಏಳಕ್ಕೆ ಚಂದ್ರನಿಗೆ ಗ್ರಹಣ, ಇಪ್ಪತ್ತೊಂದರ ಅಮಾವಾಸ್ಯೆಗೆ ಸೂರ್ಯನಿಗೆ. ಎರಡು ಗ್ರಹಣದ ನಡುವೆ ಸಿಕ್ಕ ಪಕ್ಷ. ಸತ್ತವರ ಬಾಗಿಲು ತೆರೆದೇ ಇರುತ್ತದೆ. ಶುದ್ಧರು ಮಾತ್ರ ಆಚೆಗೆ ದಾಟುತ್ತಾರೆ. ಅಶುದ್ಧರನ್ನು ಹೊಸ್ತಿಲಲ್ಲಿ ತಡೆಯುವ ಕೆಲಸ ಆಯುಧ ಹಿಡಿದ ನಮ್ಮದು.

ಮುಂದಿನ ಬೆಳೆಗೆ ಕಬ್ಬು ನಾಟಿ ಮಾಡಿಸಬೇಡ. ಶೋಭಿತಾಳನ್ನು ಶಾಲೆಗೆ ಕಳಿಸಿ ಏನೂ ಪ್ರಯೋಜನವಿಲ್ಲ. ನಯಾಜ್ ನಮ್ಮ ಹೊಸ್ತಿಲು ತುಳಿಯಬಾರದು.

ಶಿವರಾಜು


ಕಾಳಮ್ಮನಕೊಪ್ಪಲು
೨ ಆಗಸ್ಟ್ ೨೦೨೫

ಶಿವರಾಜು,

ಇದನ್ನು ಬರೆದದ್ದು ನಿನ್ನ ಕೈ. ಬುದ್ಧಿ ಯಾರದು?

ನಿನಗೆ ಏಳು ವರ್ಷವಿದ್ದಾಗ ಕಿತ್ತಳೆ ಹಣ್ಣು, ನಿಂಬೆಹಣ್ಣು, ಟಾರ್ಚು ಹಿಡಿದು ಗ್ರಹಣ ಏನೆಂದು ತೋರಿಸಿದವಳು ನಾನು. ಪಂಚಾಂಗ ನೋಡು ಎಂದೆಯಲ್ಲ, ನೋಡಿದೆ. ಇಪ್ಪತ್ತೊಂದರ ಸೂರ್ಯಗ್ರಹಣ ನಮ್ಮ ದೇಶಕ್ಕೆ ಕಾಣುವುದೇ ಇಲ್ಲ ಎಂದು ಬರೆದಿದೆ. ಕಾಣದ ಗ್ರಹಣಕ್ಕೆ ಯುಗ ಮುಗಿಯುತ್ತದೆಯೇ ಎಂದು ನಿನ್ನ ಸಾಹೇಬರನ್ನು ಕೇಳು.

ಕಬ್ಬು ನಾಟಿಯಾಗುತ್ತದೆ. ಮಗು ಶಾಲೆಗೆ ಹೋಗುತ್ತದೆ.

ಇನ್ನೊಂದು ವಿಷಯ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನಿನ್ನ ಕಾಗದ ಬಂದ ಮಾರನೆಯ ದಿನ ನಯಾಜ್ ಬಂದ. ನಾನು ಬಾಗಿಲಲ್ಲಿ ನಿಂತಿದ್ದೆ. ಬಾ ಎನ್ನುವ ಬದಲು ಬಾಗಿಲ ಚೌಕಟ್ಟು ಹಿಡಿದೆ. ಅವನು ನನ್ನ ಮುಖ ನೋಡಿದ. 'ಏನವ್ವ, ಬಾಗ್ಲಿಗೆ ಅಡ್ಡ ನಿಂತ್ಬುಟ್ಟೆ? ಓಟು ಕೇಳಾಕ್ ಬಂದಿಲ್ಲ ಬುಡು' ಎಂದು ನಕ್ಕ. ಒಳಗೆ ಕರೆದು ಕಾಫಿ ಕೊಟ್ಟೆ. ಅವನು ಎಂದಿನಂತೆ ಕುಡಿದ. ನಿನಗೆ ವಿಷಮ ಜ್ವರ ಬಂದಾಗ ಬೆನ್ನ ಮೇಲೆ ಹೊತ್ತು ಬಸ್ಸಿಗೆ ಹತ್ತಿಸಿದವನು ಅವನು. ಅಂಥವನ ಮುಂದೆ ನನ್ನನ್ನು ಹಾಗೆ ನಿಲ್ಲಿಸಿದೆಯಲ್ಲ, ಯಾರು ನೀನು?

ಯಾರನ್ನು ತಡೆಯುತ್ತೀರಿ? ಹೇಗೆ ತಡೆಯುತ್ತೀರಿ? ನಿನ್ನ ಬಳಿ ಇರುವ ಬೀಗದ ಕೈಗೂ ಆ ಅಮಾವಾಸ್ಯೆಗೂ ಏನು ಸಂಬಂಧ? ಉತ್ತರ ಬರಿ. ರಜೆ ಕೇಳಿ ಊರಿಗೆ ಬಾ. ಇದು ತಾಯಿಯ ಆಜ್ಞೆ.

ಪಟ್ಟಲಮ್ಮ ಹೊನ್ನಯ್ಯ


(ಮದ್ದೂರು ಅಂಚೆ ಮುದ್ರೆ)
೨೦ ಆಗಸ್ಟ್ ೨೦೨೫

ಅವ್ವ,

ರಜೆಗೆ ಬರುವ ಹುಡುಗನ ಕೈಯಲ್ಲಿ ಇದನ್ನು ಕಳಿಸಿದ್ದೇನೆ. ಮದ್ದೂರಿನಲ್ಲಿ ರೈಲು ಇಳಿದು ಡಬ್ಬಕ್ಕೆ ಹಾಕುತ್ತಾನೆ. ಇಲ್ಲಿಂದ ಹಾಕುವ ಕಾಗದವನ್ನು ಸಾಹೇಬರು ಓದುತ್ತಾರೆ.

ಆಜ್ಞೆ ಎಂದು ಬರೆದಿದ್ದೀಯ. ಬಿಟ್ಟ ಬಸವನಿಗೆ ಆಜ್ಞೆ ಮಾಡುವ ಹಾಗಿಲ್ಲ. ನೀನೇ ಬರೆದದ್ದು.

ಅಮಾವಾಸ್ಯೆಯ ದಿನ ಅಪ್ಪನಿಗೆ ಎಡೆ ಇಡುವಾಗ ಪಕ್ಕದಲ್ಲಿ ನನಗೂ ಒಂದು ಎಡೆ ಇಡು. ಹೊಸ ಬಟ್ಟೆ ಇಡು. ಬಳಗದ ಎಲ್ಲರ ತಾಯಂದಿರೂ ಇಡುತ್ತಿದ್ದಾರೆ. ಮೊದಲೇ ಸತ್ತವನಿಗೆ ಸಾವಿನ ಭಯವಿಲ್ಲ.

ದಾಟಬಾರದವರು ನಮ್ಮ ಪಲ್ಟನ್ನಿನಲ್ಲೇ ಹನ್ನೊಂದು ಜನ ಇದ್ದಾರೆ. ಸಾಹೇಬರು ಹೆಸರು ಬರೆದಿಟ್ಟಿದ್ದಾರೆ. ಅದರಲ್ಲಿ ನಮ್ಮ ಅಡುಗೆಯವನೂ ಒಬ್ಬ. ನಾನು ಪಹರೆ ಮುಗಿಸಿ ತಡವಾಗಿ ಬಂದರೆ ಎರಡು ರೊಟ್ಟಿ ಬಿಸಿಯಾಗಿ ಮುಚ್ಚಿಟ್ಟಿರುತ್ತಾನೆ. ಅವನ ಹೆಸರು ಬೇಡ ಎಂದೆ. ಸಾಹೇಬರು ನಕ್ಕರು. ಬಂಕರಿನಲ್ಲಿ ಆ ಒಬ್ಬ ನಕ್ಕನಲ್ಲ, ಅದೇ ಥರ ಕೇಳಿಸಿತು.

ಅವತ್ತು ಸಂಜೆ ಬೀಗ ತೆಗೆಯಬೇಕಾದವನು ನಾನು.

ಶೋಭಿತಾಳಿಗೆ ಚೀಲ ಕೊಡಿಸಿದೆಯಾ?

ಶಿವ


ಕಾಳಮ್ಮನಕೊಪ್ಪಲು
೨೯ ಆಗಸ್ಟ್ ೨೦೨೫

ಕಮಾಂಡಿಂಗ್ ಆಫೀಸರ್ ಸಾಹೇಬರಿಗೆ,

ನಾನು ನಿಮ್ಮ ಪಲ್ಟನ್ನಿನ ಹವಾಲ್ದಾರ್ ಶಿವರಾಜುವಿನ ತಾಯಿ. ಹತ್ತನೇ ತರಗತಿ ಓದಿದ್ದೇನೆ. ನನಗೆ ಬರುವುದು ಕನ್ನಡ ಮಾತ್ರ. ಈ ಪತ್ರವನ್ನು ತರುತ್ತಿರುವ ಮಳವಳ್ಳಿಯ ನಿವೃತ್ತ ಕ್ಯಾಪ್ಟನ್ ದೇವರಾಜು ಅವರು ಇದನ್ನು ನಿಮಗೆ ಓದಿ ಅರ್ಥ ಹೇಳುತ್ತಾರೆ.

ಇದರ ಜೊತೆ ನನ್ನ ಮಗನ ಮೂರು ಕಾಗದಗಳನ್ನು ಇಟ್ಟಿದ್ದೇನೆ. ಆಗಸ್ಟ್ ಇಪ್ಪತ್ತನೇ ತಾರೀಖಿನದನ್ನು ಮೊದಲು ಓದಿ. ಸೆಪ್ಟೆಂಬರ್ ಇಪ್ಪತ್ತೊಂದಕ್ಕೆ ಮುಂಚೆ ಅವನ ಕೈಯಿಂದ ಬೀಗದ ಕೈ ತೆಗೆದುಕೊಳ್ಳಿ. ನಾನು ಕೇಳುವುದು ಇಷ್ಟೇ.

ನಾನು ನಮ್ಮೂರ ಡೈರಿಯ ಕಾರ್ಯದರ್ಶಿ. ಡಿಗ್ರಿ ಕಮ್ಮಿ ಬಂದ ಹಾಲನ್ನು ಯಾರದೇ ಆಗಲಿ ವಾಪಸು ಕಳಿಸಿದ್ದೇನೆ. ಒಂದು ಸಲ ನನ್ನ ಸ್ವಂತ ನಾದಿನಿಯ ಕ್ಯಾನನ್ನು ಎಲ್ಲರೆದುರು ಮೋರಿಗೆ ಸುರಿದೆ. ಅವಳು ಇವತ್ತಿಗೂ ನನ್ನ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಇಂದು ನನ್ನದೇ ಕ್ಯಾನು ತಂದು ನಿಮ್ಮ ಮುಂದೆ ಇಟ್ಟಿದ್ದೇನೆ.

ಕ್ಯಾಪ್ಟನ್ ಅವರನ್ನು ಕೇಳಲು ಮಳವಳ್ಳಿಗೆ ಹೋದಾಗ ಅವರು ಕಾಗದಗಳನ್ನೆಲ್ಲ ಓದಿದರು. ಆಮೇಲೆ, 'ನೋಡಮ್ಮ, ಗುಂಡಿನ್ ಮುಂದೆ ನಿಲ್ಲೋನ್ಗೆ ದೇವ್ರು ಬೇಕು. ಎಲ್ಲಾ ಪಲ್ಟನ್ನಲ್ಲೂ ದೇವ್ರವ್ನೆ. ಆದ್ರೆ ಆಫೀಸರ್ ಮಾತು ಬುಟ್ಟು ಅಮಾಸೆ ಮಾತು ಕೇಳೋ ಸಿಪಾಯಿನ ನಾ ಕಂಡಿಲ್ಲ' ಎಂದರು. ಅಂಚೆಗೆ ಹಾಕಬೇಡಿ, ನಾನೇ ಕೊಂಡೊಯ್ಯುತ್ತೇನೆ ಎಂದರು. ಯಾಕೆಂದು ಕೇಳಿದೆ. 'ಯಾರ್ ಒಳಗವ್ರೆ, ಯಾರ್ ಹೊರಗವ್ರೆ ಗೊತ್ತಿಲ್ವಲ್ಲಮ್ಮ' ಎಂದರು.

ಆದ್ದರಿಂದ ಇದನ್ನೂ ಬರೆಯುತ್ತೇನೆ. ಓದುತ್ತಿರುವ ನೀವು ಯಾರೋ ನನಗೆ ತಿಳಿಯದು. ನೀವೂ ಆ ಬಳಗದವರೇ ಆಗಿದ್ದರೆ, ನಾನು ಈ ಪತ್ರದಿಂದ ನನ್ನ ಮಗನನ್ನು ನನ್ನ ಕೈಯಾರೆ ಕೊಂದಂತೆ. ಹಾಗಿದ್ದರೂ ಪ್ರತಿಗಳು ಬೇರೆಯವರ ಬಳಿ ಇವೆ ಎಂದು ನೆನಪಿಡಿ. ಹಾಗಿಲ್ಲದಿದ್ದರೆ, ಅವನ ಮೇಲೆ ಗುಂಡು ಹಾರಿಸಬೇಡಿ. ಅಡುಗೆಯವನ ಹೆಸರು ಬೇಡ ಎಂದು ಅವನು ಹೇಳಿದ್ದಾನೆ. ಆ ಸಾಲಿನ ಕೆಳಗೆ ಗೆರೆ ಎಳೆದಿದ್ದೇನೆ.

ಪಟ್ಟಲಮ್ಮ


ಕಾಳಮ್ಮನಕೊಪ್ಪಲು
೩೦ ಆಗಸ್ಟ್ ೨೦೨೫

ಶಿವರಾಜು,

ನಿನ್ನ ಕಾಗದ ಸಿಕ್ಕಿತು. ಹಿಂದೆ ಕೋಪದಲ್ಲಿ ಏನೇನೋ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ನೀನು ಹೇಳಿದಂತೆ ಅಪ್ಪನ ಪಕ್ಕದಲ್ಲಿ ನಿನಗೂ ಎಡೆ ಇಡುತ್ತೇನೆ. ಬಿಳಿ ಪಂಚೆ, ತಿಳಿನೀಲಿ ಅಂಗಿ ತರುತ್ತೇನೆ. ಕಜ್ಜಾಯ ಮಾಡಿಸುತ್ತೇನೆ. ಇದನ್ನು ನಿನ್ನ ಸಾಹೇಬರಿಗೂ ತೋರಿಸು.

ಚೀಲ ಕೊಡಿಸಿದೆ. ಅದರ ಮೇಲೆ ನವಿಲಿನ ಚಿತ್ರವಿದೆ.

ಪಟ್ಟಲಮ್ಮ ಹೊನ್ನಯ್ಯ
ಕಾರ್ಯದರ್ಶಿ


ಕಾಳಮ್ಮನಕೊಪ್ಪಲು
೨೨ ಸೆಪ್ಟೆಂಬರ್ ೨೦೨೫

ಶಿವ,

ಇದನ್ನು ಯಾವ ವಿಳಾಸಕ್ಕೆ ಕಳಿಸಬೇಕೋ ಇನ್ನೂ ತಿಳಿದಿಲ್ಲ. ಬರೆದು ಇಟ್ಟಿರುತ್ತೇನೆ.

ಆಗಸ್ಟ್ ಮೂವತ್ತರ ಕಾಗದ ಸುಳ್ಳು. ನಿನ್ನ ಸಾಹೇಬರು ಎಚ್ಚೆತ್ತುಕೊಳ್ಳಬಾರದೆಂದು ಬರೆದದ್ದು. ಅದರ ಹಿಂದಿನ ದಿನವೇ ನಿನ್ನ ಕಮಾಂಡಿಂಗ್ ಆಫೀಸರಿಗೆ ಬರೆದಿದ್ದೆ. ಬೆನ್ನ ಹಿಂದೆ ನಾನು ಮಾಡಿದ ಕೆಲಸ ನನ್ನ ಜೀವಮಾನದಲ್ಲಿ ಅದೊಂದೇ.

ಕ್ಯಾಪ್ಟನ್ ದೇವರಾಜು ಹತ್ತನೇ ತಾರೀಖು ವಾಪಸಾದರು. 'ಕೊಟ್ ಬಂದೆ ಕಣಮ್ಮ. ಇಸ್ಕಂಡ್ರು' ಎಂದರು. ಮುಖ ಹೇಗಿತ್ತು ಎಂದೆ. 'ಆಫೀಸರ್ ಮುಖದಲ್ಲಿ ಏನ್ ಕಾಣ್ತದೆ?' ಎಂದರು. ಅಲ್ಲಿಂದ ಹನ್ನೊಂದು ದಿನ ಒಂದು ಸುದ್ದಿಯೂ ಇಲ್ಲ. ರಸ್ತೆಯಲ್ಲಿ ಜೀಪು ಬಂದರೆ ನಾಗಶ್ರೀ ಗೋಡೆ ಹಿಡಿಯುತ್ತಿದ್ದಳು. ಯೂನಿಫಾರಂ ಹಾಕಿದವರು ಮನೆಗೆ ಬಂದರೆ ಏನರ್ಥ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ನಾನು ಡೈರಿಯಲ್ಲಿ ಮೂರು ಜನರ ಡಿಗ್ರಿ ತಪ್ಪು ಓದಿದೆ.

ನಿನ್ನೆ ಹಿರಿಯರಿಗೆ ಎಡೆ ಇಟ್ಟೆ. ಒಂದೇ ಎಲೆ. ನಿನ್ನ ಅಪ್ಪನದು. ಮುದ್ದೆ, ಬಾಡಿನ ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ. ಅವರು ಬಂದು ಉಣ್ಣಲಿ ಎಂದು ಕೋಣೆಯ ಬಾಗಿಲು ಮುಚ್ಚಿ ನಾವು ಮೂವರೂ ನಡುಮನೆಯಲ್ಲಿ ನಿಂತೆವು. ಆಗ ಒಳಗೆ ಫೋನು ಬಡಿದುಕೊಂಡಿತು. ಧೂಪ ಹಾಕುವಾಗ ನಾನೇ ಅದನ್ನು ಕಿಟಕಿಯಲ್ಲಿ ಮರೆತಿದ್ದೆ.

ಹಿರಿಯರು ಉಣ್ಣುವಾಗ ಬಾಗಿಲು ತೆಗೆದರೆ ಅವರು ಹಸಿದೇ ಹೋಗುತ್ತಾರೆ, ಮನೆಗೆ ಆಗಬಾರದ್ದು ಆಗುತ್ತದೆ ಎನ್ನುತ್ತಾರೆ. ನಲವತ್ತು ವರ್ಷದಲ್ಲಿ ನಾನು ತೆಗೆದವಳಲ್ಲ. ಫೋನು ನಿಂತಿತು. ಮತ್ತೆ ಬಡಿದುಕೊಂಡಿತು. 'ಅತ್ತೆ' ಎಂದಳು ನಾಗಶ್ರೀ. ಒಳಗೆ ಸತ್ತವರ ಊಟ, ಅದರ ನಡುವೆ ನಿನ್ನ ಸುದ್ದಿ. ನಾನು ಬಾಗಿಲಿಗೆ ಅಡ್ಡವೇ ನಿಂತೆ. ನಿನ್ನ ಹೆಂಡತಿ ಮೊದಲ ಬಾರಿಗೆ ನನ್ನನ್ನು ಪಕ್ಕಕ್ಕೆ ತಳ್ಳಿ ಬಾಗಿಲು ತೆಗೆದಳು.

ಕ್ಯಾಪ್ಟನ್ ಮಾತಾಡಿದರು. 'ಶುಕ್ರವಾರನೇ ಬೀಗದ್ ಕೈ ಕಿತ್ಕಂಡವ್ರೆ. ಸುಬೇದಾರ, ಅವನ್ ಜೊತೆ ಒಂಬತ್ ಜನ ಒಳಗವ್ರೆ. ನಿನ್ ಮಗನೂ ಅವ್ರಲ್ಲಿ ಒಬ್ಬ. ಜೀವಂತವಾಗವ್ನೆ ಕಣಮ್ಮ. ಒಂದ್ ಪಿಸ್ತೂಲು ಸಿಕ್ಕಿಲ್ವಂತೆ. ಕೇಳಿದ್ರೆ ನಿನ್ ಮಗ ಬಾಯೇ ಬುಡ್ತಿಲ್ವಂತೆ' ಎಂದರು. ನಾಗಶ್ರೀ ಎಲೆಯ ಪಕ್ಕದಲ್ಲೇ ಕುಸಿದು ಅತ್ತಳು. ನಾನು ನಿನ್ನ ಅಪ್ಪನ ಬೀಡಿ ಕಟ್ಟನ್ನು ನೋಡುತ್ತಾ ನಿಂತಿದ್ದೆ.

ನಿನಗೆ ನೆನಪಿರಬೇಕು. ನೀನು ಆರು ವರ್ಷದವನು. ಊರ ಬಸವ ಮುದುಕ ಅಂಕಯ್ಯನನ್ನು ಹಾಯ್ದು ಕರುಳು ಹೊರಗೆ ತೆಗೆದಿತ್ತು. ಎಲ್ಲರೂ ದೂರ ನಿಂತು ಕೈಮುಗಿಯುತ್ತಿದ್ದರು, ದೇವರದ್ದು ಎಂದು. ನಿನ್ನ ಅಪ್ಪ ಒಬ್ಬರೇ ಹೋಗಿ ಕೊಂಬು ಹಿಡಿದು ಮೂಗುದಾರ ಪೋಣಿಸಿದರು. 'ದೇವ್ರಿಗೆ ಬುಟ್ಟಿದ್ದು, ಜನುದ್ ಮೇಲೆ ಬುಟ್ಟಿದ್ದಲ್ಲ' ಎಂದರು. ನನ್ನ ಕಾಗದ ಬರೆಯುವಾಗ ನಾನು ಈ ಮಾತನ್ನು ಬಿಟ್ಟೆ. ಕೇಳಲು ಚೆನ್ನಾಗಿದ್ದುದನ್ನು ಮಾತ್ರ ಬರೆದೆ.

ಪಟ್ಟಲಮ್ಮ


(ಅಧಿಕಾರಿಗಳು ಓದಿ ಮುದ್ರೆ ಹಾಕಿದ್ದು)
೯ ಅಕ್ಟೋಬರ್ ೨೦೨೫

ಅವ್ವ,

ನೀನು ಬರೆದದ್ದನ್ನು ಇಲ್ಲಿ ನನಗೆ ತೋರಿಸಿದರು. ಗೆರೆ ಎಳೆದ ಸಾಲನ್ನೂ ನೋಡಿದೆ. ನಿನ್ನ ಮೇಲೆ ನನಗೆ ಏನಿದೆ ಎಂದು ಈಗ ಬರೆಯಲಾರೆ.

ಅಮಾವಾಸ್ಯೆ ಬಂತು, ಹೋಯಿತು. ಮಾರನೆಯ ಬೆಳಿಗ್ಗೆ ಕಾಗೆ ಕೂಗಿದವು, ಚಹಾ ಕೊಟ್ಟರು. ಪಕ್ಕದ ಕೋಣೆಯಿಂದ ಸಾಹೇಬರು ಗೋಡೆ ತಟ್ಟಿ ಹೇಳಿದರು, ಲೆಕ್ಕ ಒಂದು ತಿಂಗಳು ತಪ್ಪಿದೆ, ದೀಪಾವಳಿಯ ಅಮಾವಾಸ್ಯೆಯೇ ನಿಜವಾದದ್ದು ಎಂದು. ಅದೂ ತಪ್ಪಿದರೆ ಮತ್ತೊಂದು ಎನ್ನುತ್ತಾರೆ. ಅಮಾವಾಸ್ಯೆಗೆ ಕೊನೆಯಿಲ್ಲ.

ಇವರು ಹುಡುಕುತ್ತಿರುವ ಪಿಸ್ತೂಲನ್ನು ಬೀಗ ತೆಗೆದು ಒಬ್ಬನಿಗೆ ಕೊಟ್ಟವನು ನಾನು. ನಿನಗೆ ಮದ್ದೂರಿನಲ್ಲಿ ಕಾಗದ ಹಾಕಿದ ಹುಡುಗನ ಚೀಲದಲ್ಲಿತ್ತು. ಮಹದೇವು, ಮಳವಳ್ಳಿ ಹತ್ತಿರದವನು. ತಾಯಿ ಮುದ್ದಮ್ಮ. ನಿನ್ನ ಕಾಗದ ಕೇಳಿ ಒಪ್ಪಿದವಳು ಅವಳೇ. ಅವನು ಊರಲ್ಲಿದ್ದೇ ಕೆಲಸ ಮುಗಿಸಬೇಕೆಂದಿತ್ತು. ಇಪ್ಪತ್ತೊಂದರಂದು ಇಲ್ಲಿಂದ ಮಾತು ಬರಲಿಲ್ಲ, ಆದ್ದರಿಂದ ಕಾದಿದ್ದಾನೆ. ದೀಪಾವಳಿಯ ಸುದ್ದಿ ಅವನಿಗೆ ಮುಟ್ಟಿಯೇ ಇರುತ್ತದೆ. ಹೊರಗೆ ಉಳಿದವರು ಇದ್ದಾರೆ. ಅವನ ಪಟ್ಟಿಯಲ್ಲಿ ಯಾರ ಹೆಸರಿದೆ ಎಂದು ನನಗೆ ಗೊತ್ತಿಲ್ಲ. ಭಾರತೀನಗರದ ಗ್ಯಾರೇಜಿನ ವಿಷಯ ಅವನಿಗೆ ನಾನೇ ಒಮ್ಮೆ ಹೇಳಿದ್ದೆ.

ಈ ಕಾಗದ ಓದಿದವರು ಬಂದೂಕು ಹಿಡಿದು ಅಲ್ಲಿಗೆ ಹೋಗುತ್ತಾರೆ. ಅವನಿಗೆ ಇಪ್ಪತ್ತೆರಡು ವರ್ಷ. ನೀನು ಅವರಿಗಿಂತ ಮುಂಚೆ ಹೋಗು.

ಶಿವ


ಮಳವಳ್ಳಿ ತಾಲ್ಲೂಕು
೧೮ ಅಕ್ಟೋಬರ್ ೨೦೨೫, ಬೆಳಿಗ್ಗೆ

ಮುದ್ದಮ್ಮನವರಿಗೆ,

ಈ ಕಾಗದ ಅಂಚೆಯಲ್ಲಿ ಬಂದದ್ದಲ್ಲ. ನಿಮ್ಮ ಬಾಗಿಲ ಕೆಳಗಿನಿಂದ ತಳ್ಳಿದ್ದೇನೆ. ನಾನು ನಿಮ್ಮ ಜಗಲಿಯ ಮೇಲೆ ಕೂತಿದ್ದೇನೆ. ಮೂರು ಸಲ ಕೂಗಿದೆ. ಒಳಗೆ ಯಾರೋ ಉಸಿರು ಹಿಡಿದದ್ದು ಕೇಳಿಸಿತು, ಬಾಗಿಲು ತೆಗೆಯಲಿಲ್ಲ. ನನಗೆ ಬಾಯಿ ಮಾತಿಗಿಂತ ಬರೆಯುವುದು ಚೆನ್ನಾಗಿ ಬರುತ್ತದೆ. ಅದರಿಂದಲೇ ಇಷ್ಟೆಲ್ಲ ಆಯಿತು.

ಓದಲು ಬಾರದಿದ್ದರೆ ಮಗನ ಕೈಗೆ ಕೊಡಿ. ಇದು ಅವನಿಗೂ ಸೇರಿದ್ದು.

ನಾನು ಪಟ್ಟಲಮ್ಮ. ಬಸವನನ್ನು ಬಿಡುವಂತೆ ಮಗನನ್ನು ಬಿಟ್ಟೆ ಎಂದು ನಿಮಗೆ ಫೋನಿನಲ್ಲಿ ಓದಿ ಹೇಳಿದರಲ್ಲ, ಅದನ್ನು ಬರೆದವಳು. ನೀವು ಎರಡು ತಿಂಗಳು ಒಪ್ಪಿರಲಿಲ್ಲವಂತೆ. ನಿಮ್ಮ ಬುದ್ಧಿಯೇ ಸರಿಯಾಗಿತ್ತು. ನಾನು ನಾಲ್ಕು ಜನ ಹೊಗಳಲಿ ಎಂದು ಬರೆದೆ. ನನ್ನ ಸೊಸೆ ಒಲೆಯ ಮುಂದೆ ಕೂತು ಕೇಳಿದ ಒಂದು ಪ್ರಶ್ನೆಗೆ ಅವಳನ್ನೇ ಗದರಿಸಿದೆ.

ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯುವ ವಂಶ ನಮ್ಮದಲ್ಲ ಎಂದು ಅದರಲ್ಲಿತ್ತು. ಇಂದು ನಿಮ್ಮ ಹೊಸ್ತಿಲಲ್ಲಿ ಆ ಮಾತನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ನೀವೂ ಪಡೆಯಿರಿ.

ಮಹದೇವು, ನೀನು ಓದುತ್ತಿದ್ದರೆ ಕೇಳು. ಶಿವರಾಜು ಬದುಕಿದ್ದಾನೆ. ಮಹಾಲಯದ ಅಮಾವಾಸ್ಯೆ ಕಳೆದು ಇವತ್ತಿಗೆ ಇಪ್ಪತ್ತೇಳು ದಿನ. ನಿನ್ನ ತಾಯಿ ನಿನಗೆ ಎಡೆ ಇಟ್ಟಳು, ನೀನು ಸಾಯಲಿಲ್ಲ, ಅವಳ ಕೈಯ ಅನ್ನವನ್ನೇ ಉಣ್ಣುತ್ತಿದ್ದೀಯ. ಮಧ್ಯಾಹ್ನದ ಹೊತ್ತಿಗೆ ಮಂಡ್ಯದಿಂದ ಪೊಲೀಸರು, ಅವರ ಜೊತೆ ಪಲ್ಟನ್ನಿನವರು ಬರುತ್ತಾರೆ, ಅಲ್ಲಿಯವರೆಗೆ ನನಗೆ ಹೊತ್ತು ಕೊಟ್ಟಿದ್ದಾರೆ. ಬೀದಿಯ ತುದಿಯಲ್ಲಿ ಮಳವಳ್ಳಿಯ ನಿವೃತ್ತ ಕ್ಯಾಪ್ಟನ್ ದೇವರಾಜು ಕಾರಿನಲ್ಲಿದ್ದಾರೆ. ಪಿಸ್ತೂಲನ್ನು ಅವರ ಕೈಗೆ ಕೊಟ್ಟರೆ ನಿನ್ನನ್ನು ನಡೆಸಿಕೊಂಡು ಹೋಗುತ್ತಾರೆ. ಕಾರು ಓಡಿಸಿಕೊಂಡು ಬಂದವನು ನಯಾಜ್ ಪಾಷಾ. ಎಲ್ಲವನ್ನೂ ಹೇಳಿದ ಮೇಲೂ ಬಂದ. 'ನೀನೊಬ್ಳೇ ಓಯ್ತೀನಿ ಅಂದ್ರೆ ಬುಟ್ಬುಡ್ತೀನಾ ಅವ್ವ' ಎಂದ. ನಿನ್ನ ಪಟ್ಟಿಯಲ್ಲಿ ಅವನ ಹೆಸರು ಇದೆಯೋ ಇಲ್ಲವೋ ನೀನೇ ಬಲ್ಲೆ.

ನನಗೆ ಭಯವಾಗುತ್ತಿದೆ. ಈ ಮಾತನ್ನು ನಾನು ಈವರೆಗೆ ಯಾರಿಗೂ ಬರೆದಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೇನೆ, ಹಲಗೆ ತೆಳ್ಳಗಿದೆ. ಒಳಗಿನಿಂದ ಏನು ಬಂದರೂ ಮೊದಲು ನನಗೇ ತಾಗುತ್ತದೆ, ಹೊರಗಿನಿಂದ ಬಂದರೂ ಅಷ್ಟೇ. ಅದಕ್ಕೇ ಇಲ್ಲಿ ಕೂತದ್ದು.

ಮುದ್ದಮ್ಮನವರೇ, ಎಡೆ ಇಟ್ಟಾಗ ನಾವು ಬಾಗಿಲು ಮುಚ್ಚುವುದು ಒಳಗಿರುವವರು ಸತ್ತವರು ಎಂದು. ನಿಮ್ಮ ಮನೆಯಲ್ಲಿ ಒಳಗಿರುವ ಇಬ್ಬರೂ ಬದುಕಿದ್ದೀರಿ.

ಬಾಗಿಲು ತೆಗೆಯಿರಿ.

ಪಟ್ಟಲಮ್ಮ